ಫೋನಕ್ಕ ಮತ್ತು ಕೊನೆಯ ಚೌಕ

ರಕ್ತನಿಧಿಯ ಮುಂಬಾಗಿಲು ದಾಟಿದೊಡನೆ ಎಡಕ್ಕೆ ಒಂದು ಮೇಜು ಇದೆ. ಇಪ್ಪತ್ತೆರಡು ವರ್ಷಗಳಿಂದ ಆ ಮೇಜಿನ ಹಿಂದೆ ಕುಳಿತಿರುವವಳು ಒಬ್ಬಳೇ. ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ಗುಮಾಸ್ತೆ. ಆದರೆ ‘ಗುಮಾಸ್ತೆ ಎಲ್ಲಿ?’ ಎಂದು ಕೇಳಿದರೆ ಬಾಗಿಲ ಕಾವಲುಗಾರ ತಲೆ ಕೆರೆದುಕೊಳ್ಳುತ್ತಾನೆ. ‘ಫೋನಕ್ಕ’ ಎಂದರೆ ಮಾತ್ರ ಬೆರಳು ಮಾಡಿ ತೋರಿಸುತ್ತಾನೆ.

ಅವಳ ಕೆಲಸವೇ ಫೋನು ಮಾಡುವುದು. ಸಾಮಾನ್ಯ ಗುಂಪಿನ ರಕ್ತ ಶೀತಲ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಆದರೆ ನೆಗೆಟಿವ್ ಗುಂಪುಗಳು ವಿರಳ. ಒಂದೆರಡು ಚೀಲ ಇದ್ದರೆ ಇದ್ದವು, ಇಲ್ಲದಿದ್ದರೆ ಇಲ್ಲ. ಬೇಕೆಂದಾಗ ಆ ಗುಂಪಿನವರನ್ನು ಹುಡುಕಿ, ಇದ್ದಲ್ಲಿಂದ ಕರೆಸಬೇಕು. ಅಂಥ ನೂರ ನಲವತ್ತು ಜನರ ಹೆಸರು ಅವಳ ಉದ್ದನೆಯ ಪುಸ್ತಕದಲ್ಲಿದ್ದವು. ಆ ಪುಸ್ತಕವನ್ನು ಹೊಲಿದು ರಟ್ಟು ಕಟ್ಟಿಕೊಟ್ಟವನು ಅವಳ ಗಂಡ. ಅವನು ಮುದ್ರಣಾಲಯದಲ್ಲಿ ಪುಸ್ತಕ ಕಟ್ಟುವ ಕೆಲಸದವನು. ಮನೆಯಲ್ಲಿ ಅತ್ತೆಯಂತೂ ಬಂದವರೆದುರಿಗೆಲ್ಲ, “ನನ್ನ ಸೊಸೆ ಊರೋರ ರಕ್ತ ಹೀರ್ತಾಳೆ, ಸಂಜೆ ಮನೆಗೆ ಬಂದು ನನ್ನದೂ ಹೀರ್ತಾಳೆ” ಎಂದು ನಗುತ್ತಿದ್ದರು.

ಅವಳು ಚಿಕ್ಕವಳಿದ್ದಾಗ ನಾನು ಮೇಷ್ಟ್ರಾಗಿದ್ದ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಆದರೆ ಯಾವ ಮಗುವಿನ ಮನೆಗಾದರೂ ಸುದ್ದಿ ಕಳಿಸಬೇಕಾದರೆ ನಾನು ಅವಳನ್ನೇ ಕೇಳುತ್ತಿದ್ದೆ. “ಅವರಮ್ಮನಿಗೆ ಹೇಳಬೇಡಿ ಸಾರ್, ಗಾಬರಿ ಬೀಳ್ತಾರೆ. ಹಿತ್ತಲ ಬಾಗಿಲಿಗೆ ಹೋಗಿ ಅಜ್ಜಿಗೆ ಹೇಳಿ” ಎನ್ನುವಳು. ಯಾರ ಮನೆಯ ಯಾವ ಬಾಗಿಲು ತಟ್ಟಿದರೆ ಯಾರು ತೆರೆಯುತ್ತಾರೆ ಎಂಬುದು ಹತ್ತು ವರ್ಷದ ಆ ಹುಡುಗಿಗೆ ಗೊತ್ತಿತ್ತು. ಆ ವಿದ್ಯೆಯೇ ಮುಂದೆ ಅವಳ ಉದ್ಯೋಗವಾಯಿತು. ಪುಸ್ತಕದಲ್ಲಿ ದಾನಿಯ ಸಂಖ್ಯೆಯನ್ನು ಶಾಯಿಯಲ್ಲಿ ಬರೆದು, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಇನ್ನೊಂದು ಸಂಖ್ಯೆ ಬರೆಯುತ್ತಿದ್ದಳು. ದಾನಿ ಎತ್ತದಿದ್ದರೆ ಅವನನ್ನು ಎಬ್ಬಿಸಿ ಕಳಿಸಬಲ್ಲವರ ಸಂಖ್ಯೆ ಅದು. ಅತ್ತಿಗೆ, ಪಕ್ಕದ ಅಂಗಡಿಯವನು, ಮೇಲಧಿಕಾರಿ, ಹೀಗೆ.

ಎರಡು ವರ್ಷದ ಹಿಂದೆ ರಕ್ತನಿಧಿಗೆ ಹೊಸ ಸಾಫ್ಟ್‌ವೇರ್ ಬಂದಿತು. ಒಂದು ಕಡೆಯಿಂದ ಬಂದ ಸುದ್ದಿಯನ್ನು ಇನ್ನೊಂದು ಕಡೆಗೆ ತಾನಾಗಿ ದಾಟಿಸುವ ಸಾಫ್ಟ್‌ವೇರ್. ದೊಡ್ಡ ಡಾಕ್ಟರು ಅವಳನ್ನು ಕರೆದು ಮೆತ್ತಗೆ ಹೇಳಿದರು: “ನೋಡಮ್ಮ, ನಿನ್ನ ಕೆಲಸ ಕಿತ್ಕೊಳ್ಳೋಕಲ್ಲ. ನಿನಗೆ ಜ್ವರ ಬಂದು ಮಲಗಿದ ದಿನ ಫೋನ್ ಮಾಡೋರು ಯಾರು, ಹೇಳು?”

ಅದು ನಿಜವೆನ್ನಿಸಿ ಒಪ್ಪಿಕೊಂಡಳು.

ಸಾಫ್ಟ್‌ವೇರ್ ಕೂರಿಸಲು ಬಂದ ಎಂಜಿನಿಯರು ನಲವತ್ತೈದರ ಆಸುಪಾಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಸ್ವಭಾವದವರು. ಮೂರು ವಾರ ಅವಳ ಮೇಜಿನ ಪಕ್ಕದಲ್ಲೇ ಕುಳಿತರು. ಬೆರಳಚ್ಚು ಗುಮಾಸ್ತನೊಬ್ಬ ಅವಳ ಪುಸ್ತಕವನ್ನು ಗಣಕಕ್ಕೆ ಇಳಿಸಿದ. ಶಾಯಿಯಲ್ಲಿದ್ದುದನ್ನೆಲ್ಲ ತಪ್ಪಿಲ್ಲದೆ ಇಳಿಸಿದ. ಅಂಚಿನ ಸೀಸದ ಬರಹವನ್ನು ಗೀಚು ಎಂದುಕೊಂಡು ಬಿಟ್ಟ. ಕೆಲಸ ಮುಗಿದ ಮೇಲೆ ಪುಸ್ತಕಕ್ಕೂ ಒಂದು ಕೆಲಸ ಸಿಕ್ಕಿತು. ಗಣಕದ ಪರದೆ ತಗ್ಗಾಯಿತೆಂದು ಎಂಜಿನಿಯರು ಅದನ್ನು ಪರದೆಯ ಅಡಿಗೆ ಇಟ್ಟರು.

ಪರದೆಯ ಮೇಲೆ ನಾಲ್ಕು ಚೌಕಗಳು, ಅವುಗಳ ನಡುವೆ ಗೆರೆಗಳು. ಮೊದಲ ಚೌಕದಲ್ಲಿ ಆಸ್ಪತ್ರೆಯಿಂದ ಬೇಡಿಕೆ ಬಂದು ಬೀಳುತ್ತದೆ. ಎರಡನೆಯದು ಯಾವ ಗುಂಪು ಎಂದು ನೋಡುತ್ತದೆ. ಮೂರನೆಯದು ಆ ಗುಂಪಿನ ದಾನಿಗಳ ಪಟ್ಟಿಯಿಂದ ನಾಲ್ವರನ್ನು ಆರಿಸುತ್ತದೆ. ಯಾರು ರಕ್ತ ಕೊಟ್ಟು ಬಹಳ ದಿನವಾಗಿದೆಯೋ, ಅಂದರೆ ಯಾರಿಗೆ ಹೆಚ್ಚು ವಿಶ್ರಾಂತಿ ಸಿಕ್ಕಿದೆಯೋ, ಅವರಿಗೆ ಮೊದಲ ಸ್ಥಾನ. ಇದು ನ್ಯಾಯವಾದ ಕ್ರಮ ಎಂದು ಎಲ್ಲರೂ ಒಪ್ಪಿದರು. ನಾಲ್ಕನೆಯದು, ಕೊನೆಯದು, ಆ ನಾಲ್ವರಿಗೆ ಸಂದೇಶ ಕಳಿಸುವ ಚೌಕ.

“ಮೂರು ಚೌಕ ನಾನು ಮಾಡಿದೀನಿ. ಕೊನೇದು ನೀವೇ ತುಂಬಬೇಕು ಅಕ್ಕ” ಎಂದರು ಎಂಜಿನಿಯರು. “ಜನರ ಜೊತೆ ಮಾತಾಡೋ ಸ್ಟೆಪ್ ಅದು. ನನಗೆ ಜನರ ಜೊತೆ ಮಾತಾಡೋಕೆ ಬರಲ್ಲ ಅಂತ ನನ್ನ ಹೆಂಡ್ತೀನೇ ಸರ್ಟಿಫಿಕೇಟ್ ಕೊಟ್ಟಿದಾಳೆ.”

ಕೊನೆಯ ಚೌಕ ತೆರೆದರೆ ಮೂರು ಖಾಲಿ ಜಾಗ. ಯಾರಿಗೆ? ಏನು? ಆಮೇಲೆ? ‘ಯಾರಿಗೆ’ ಎಂಬಲ್ಲಿ ದಾನಿಯ ಫೋನ್ ಸಂಖ್ಯೆ ಇರುವ ಕಾಲಮನ್ನು ತೋರಿಸಿದಳು. ‘ಏನು’ ಎಂಬಲ್ಲಿ ಬರೆಯಬೇಕಾದ ಒಕ್ಕಣೆಗೆ ಎರಡು ದಿನ ಹಿಡಿಯಿತು. ಅದನ್ನು ಬರೆದುಕೊಂಡು ನನ್ನ ಮನೆಗೇ ಬಂದಳು, ತಿದ್ದಿಕೊಡಿ ಎಂದು. ‘ಆತ್ಮೀಯರೇ, ನಿಮ್ಮ ಗುಂಪಿನ ರಕ್ತ ಈಗ ಒಬ್ಬರಿಗೆ ತುರ್ತಾಗಿ ಬೇಕಾಗಿದೆ. ದಯವಿಟ್ಟು ಬನ್ನಿ.’ ನಾನು ‘ಆತ್ಮೀಯರೇ’ ತೆಗೆದು ದಾನಿಯ ಹೆಸರನ್ನೇ ಹಾಕಿಸಿದೆ. ಹೆಸರು ಹಿಡಿದು ಕರೆದರೆ ಮನುಷ್ಯ ತಿರುಗಿ ನೋಡುತ್ತಾನೆ ಎಂದು ನನ್ನ ಅನುಭವ.

ಮೂರನೆಯ ಜಾಗದಲ್ಲಿ, ‘ಆಮೇಲೆ?’ ಎಂಬಲ್ಲಿ, ಎರಡೇ ಆಯ್ಕೆ ಇದ್ದವು. ‘ಉತ್ತರಕ್ಕೆ ಕಾಯಿ’, ಇಲ್ಲವೇ ‘ಮುಗಿಸು’.

ಅವಳು ‘ಮುಗಿಸು’ ಎಂಬುದನ್ನು ಆರಿಸಿದಳು.

“ಉತ್ತರ ಬೇಡ್ವಾ?” ಎಂದು ಎಂಜಿನಿಯರು ಕೇಳಿದರು.

“ಬೇಡ. ಮೈಯಿಂದ ರಕ್ತ ತೆಗೆದು ಕೊಡೋರು ಅವರು. ಬರ್ತೀಯೋ ಇಲ್ವೋ ಹೇಳು ಅಂತ ಯಂತ್ರದ ಕೈಲಿ ಗದರಿಸ್ಲಾ? ನಾನು ಯಾವತ್ತೂ ಹಾಗೆ ಕೇಳಿಲ್ಲ. ವಿಷಯ ಹೇಳ್ತೀನಿ, ಅವರೇ ಬರ್ತೀನಿ ಅಂತಾರೆ.”

ಫೋನಿನಲ್ಲಿ ಮಾತಾಡುವಾಗ ಕೇಳದಿದ್ದರೂ ಉತ್ತರ ಸಿಕ್ಕಿಬಿಡುತ್ತದೆ, ಸಂದೇಶದಲ್ಲಿ ಸಿಗುವುದಿಲ್ಲ ಎಂಬುದು ಆ ಹೊತ್ತಿಗೆ ಅವಳಿಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ, ಒಕ್ಕಣೆ ತಿದ್ದಿದ ನನಗೂ ಹೊಳೆಯಲಿಲ್ಲ.

ಮರುದಿನ ಪರೀಕ್ಷೆಯ ದಿನ. ನಿಜವಾದ ಬೇಡಿಕೆ ಬಂದರೆ ಯಂತ್ರವೇ ನಡೆಸಬೇಕು, ಯಾರೂ ಕೈ ಹಾಕಬಾರದು ಎಂದು ದೊಡ್ಡ ಡಾಕ್ಟರ ಅಪ್ಪಣೆ. ಅವಳು ತನ್ನ ಗುಂಡಿ ಫೋನನ್ನು ಸದ್ದಿಲ್ಲದಂತೆ ಮಾಡಿ, ಮೇಜಿನ ಖಾನೆಯೊಳಗೆ ಇಟ್ಟು, ಖಾನೆ ಮುಚ್ಚಿದಳು. ಕೈ ಎಲ್ಲಿಡಬೇಕೋ ತಿಳಿಯದೆ ಸೆರಗಿನ ತುದಿ ಹಿಡಿದು ಕುಳಿತಳು.

ಒಂಬತ್ತೂ ನಲವತ್ತಕ್ಕೆ ಮೊದಲ ಚೌಕ ಬೆಳಗಿತು.

ರಸ್ತೆಯಾಚೆಯ ಹೆರಿಗೆ ಆಸ್ಪತ್ರೆಯ ಬೇಡಿಕೆ, ಮೇಲೆ ರೋಗಿಯ ಹೆಸರು. ಬೆಳಗಿನ ಜಾವ ಹೆತ್ತ ಒಬ್ಬ ಹೆಣ್ಣುಮಗಳಿಗೆ ರಕ್ತಸ್ರಾವ ನಿಂತಿರಲಿಲ್ಲ. ಓ ನೆಗೆಟಿವ್. ಆ ಗುಂಪಿನವರಿಗೆ ಬೇರೆ ಯಾವ ಗುಂಪಿನ ರಕ್ತವೂ ಆಗದು. ಪೆಟ್ಟಿಗೆಯಲ್ಲಿದ್ದ ಎರಡೇ ಚೀಲ ಆಗಲೇ ಹೋಗಿದ್ದವು. ಮಧ್ಯಾಹ್ನ ಎರಡಕ್ಕೆ ಶಸ್ತ್ರಚಿಕಿತ್ಸೆ. ಇನ್ನೆರಡು ಚೀಲವಿಲ್ಲದೆ ಕತ್ತರಿ ಹಿಡಿಯುವಂತಿಲ್ಲ. ತೆಗೆದ ರಕ್ತದ ಪರೀಕ್ಷೆಗೇ ಎರಡು ಗಂಟೆ ಬೇಕು. ಎಂದರೆ ಹನ್ನೆರಡರ ಒಳಗೆ ಇಬ್ಬರು ಬಂದು ಮಲಗಲೇಬೇಕು.

ಚೌಕಗಳು ಒಂದಾದ ಮೇಲೊಂದು ಹಸಿರಾದವು. ಕೊನೆಯ ಚೌಕದಲ್ಲಿ ನಾಲ್ಕು ಸಾಲು ಮೂಡಿದವು. ದಾನಿ ಒಂದು, ತಲುಪಿದೆ. ದಾನಿ ಎರಡು, ತಲುಪಿದೆ. ಮೂರು, ತಲುಪಿದೆ. ನಾಲ್ಕು, ತಲುಪಿದೆ. ದಾನಿಗಳ ಗುಟ್ಟು ಕಾಪಾಡಲೆಂದು ಪರದೆಯ ಮೇಲೆ ಹೆಸರು ಬಾರದಂತೆ ಎಂಜಿನಿಯರು ಮಾಡಿದ್ದರು.

“ಒಂದು ನಿಮಿಷ! ನಿಮಗೆಷ್ಟು ಹೊತ್ತು ಹಿಡೀತಿತ್ತು ಅಕ್ಕ?” ಎಂದರು ಅವರು ಕೈ ಉಜ್ಜಿಕೊಳ್ಳುತ್ತಾ.

“ಅರ್ಧ ಗಂಟೆ” ಎಂದಳು. ಕೊಂಚ ಅವಮಾನವೂ ಆಯಿತು, ಕೊಂಚ ಸಮಾಧಾನವೂ ಆಯಿತು.

ಹತ್ತಾಯಿತು. ಬಾಗಿಲಲ್ಲಿ ಯಾರೂ ಇಲ್ಲ. ರಕ್ತ ತೆಗೆಯುವ ಸೂಜಿಯಣ್ಣ ಎರಡು ಹಾಸಿಗೆಗೂ ಬಿಳಿ ಹೊದಿಕೆ ಹಾಸಿ, ಚೀಲಗಳಿಗೆ ಚೀಟಿ ಅಂಟಿಸಿ, ಬಂದು ಬಾಗಿಲಿಗೆ ಒರಗಿ ನಿಂತ.

“ಏನಕ್ಕ, ನಿಮ್ಮ ಯಂತ್ರದವರು ನಡ್ಕೊಂಡು ಬರ್ತಿದಾರಾ, ತೆವಳ್ಕೊಂಡು ಬರ್ತಿದಾರಾ?”

“ಬರ್ತಾರೆ ಕಣೋ.”

ಹತ್ತೂ ಹತ್ತಕ್ಕೆ ಹೆರಿಗೆ ಆಸ್ಪತ್ರೆಯ ದಾದಿ ಕಚೇರಿಯ ಫೋನಿಗೆ ಕರೆ ಮಾಡಿದಳು. “ಫೋನಕ್ಕ, ಎಷ್ಟು ಜನ ಬಂದ್ರು?”

“ನಾಲ್ಕು ಜನಕ್ಕೆ ಹೇಳಿ ಆಗಿದೆ.”

“ಹೇಳಿದ್ದಲ್ಲ ಅಕ್ಕ, ಬಂದದ್ದು ಎಷ್ಟು? ಇಲ್ಲಿ ಅವಳ ಕೈಕಾಲು ತಣ್ಣಗಾಗ್ತಿದೆ.”

ಇಪ್ಪತ್ತು ವರ್ಷಗಳಲ್ಲಿ ಆ ಪ್ರಶ್ನೆಗೆ ಅವಳಲ್ಲಿ ಉತ್ತರ ಇಲ್ಲದೆ ಹೋದದ್ದು ಅದೇ ಮೊದಲು. ಹಿಂದೆಲ್ಲ, ‘ಒಬ್ಬರು ಹೊರಟಿದಾರೆ, ಇನ್ನೊಬ್ಬರು ಸ್ನಾನಕ್ಕೆ ಹೋಗಿದಾರೆ, ಅವರ ತಂಗಿ ಕೂಗಿ ಹೇಳಿದಾಳೆ’ ಎಂದು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು.

“ಆ ನಾಲ್ಕು ಜನ ಯಾರು ಅಂತ ನೋಡಬಹುದಾ?” ಎಂದು ಎಂಜಿನಿಯರನ್ನು ಕೇಳಿದಳು.

“ಹೆಸರು ಕಾಣದಂಗೆ ಲಾಕ್ ಮಾಡಿದೀನಲ್ಲ. ಬಿಚ್ಚಬೇಕಾದ್ರೆ ದೊಡ್ಡ ಡಾಕ್ಟ್ರ ಪಾಸ್‌ವರ್ಡ್ ಬೇಕು. ಅವರು ಮೀಟಿಂಗ್‌ನಲ್ಲಿದಾರೆ. ಸ್ವಲ್ಪ ತಾಳಿ ಅಕ್ಕ, ತಲುಪಿದೆ ಅಂದ್ರೆ ತಲುಪಿದೆ.”

ಹತ್ತೂ ಇಪ್ಪತ್ತು. ಬಾಗಿಲಲ್ಲಿ ನೆರಳು ಸುಳಿದರೆ ಮೂವರೂ ತಲೆ ಎತ್ತುವರು. ಒಮ್ಮೆ ಅಂಚೆಯವನು ಬಂದ, ಒಮ್ಮೆ ದಾರಿ ಕೇಳುವ ಮುದುಕಿ ಬಂದಳು.

ಆಗ ಮೇಜಿನ ಖಾನೆಯೊಳಗಿಂದ ಒಂದು ಸಣ್ಣ ಸದ್ದಾಯಿತು. ಬ್ಯಾಟರಿ ಇಳಿದಾಗ ಆ ಗುಂಡಿ ಫೋನು, ಬಾಯಿ ಮುಚ್ಚಿಸಿದ್ದರೂ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಅದು ಮರದ ಖಾನೆಗೆ ತಾಗಿ ಗುರ್ರೆಂದಿತು. ಅಭ್ಯಾಸಬಲದಿಂದ ಅವಳು ಖಾನೆ ಎಳೆದಳು. ಪುಟ್ಟ ಪರದೆಯ ಮೇಲೆ ಬರೆದಿತ್ತು: ಓದದ ಸಂದೇಶಗಳು, ನಾಲ್ಕು.

ತೆರೆದಳು. ಮೊದಲನೆಯದು ಗಡಿಯಾರದ ಅಂಗಡಿಯವರ ಹೆಸರು ಹಿಡಿದು ಕರೆದಿತ್ತು: ನಿಮ್ಮ ಗುಂಪಿನ ರಕ್ತ ಈಗ ಒಬ್ಬರಿಗೆ ತುರ್ತಾಗಿ ಬೇಕಾಗಿದೆ, ದಯವಿಟ್ಟು ಬನ್ನಿ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಎರಡನೆಯದು ವಾಚನಾಲಯದ ಗ್ರಂಥಪಾಲಕಿಗೆ. ಆಕೆ ತೀರಿಕೊಂಡು ಐದು ವರ್ಷ. ಮೂರನೆಯದು ಯಾರಿಗೆಂದು ಅವಳು ನನಗೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಾಲ್ಕನೆಯದು ನನಗೆ.

ಅವಳು ನಾಲ್ಕನ್ನೂ ಮತ್ತೊಮ್ಮೆ ತೆರೆದು ಓದಿದಳು.

ಇದು ಹೇಗಾಯಿತೆಂದು ಈಗ ಹೇಳಬೇಕು. ಆ ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದು ಹೊಡೆದುಹಾಕಿದ ಹೆಸರು ಒಂದೂ ಇರಲಿಲ್ಲ. ಸತ್ತವರ ಹೆಸರಿನ ಮೇಲೆ ಗೆರೆ ಎಳೆಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ ಎಂಬುದೊಂದು. ಇನ್ನೊಂದು, ಇದಕ್ಕಿಂತ ದೊಡ್ಡದು. ಕೆಲವೊಮ್ಮೆ ರಕ್ತ ಪರೀಕ್ಷೆಯಲ್ಲಿ ದಾನಿಗೆ ಇಂಥ ಕಾಯಿಲೆ ಇದೆ, ಇನ್ನು ಅವರ ರಕ್ತ ಯಾರಿಗೂ ಕೊಡುವಂತಿಲ್ಲ ಎಂದು ತಿಳಿದುಬರುತ್ತದೆ. ಬದುಕಿರುವವನ ಹೆಸರಿನ ಮೇಲೆ ಗೆರೆ ಬಿದ್ದರೆ, ಪುಸ್ತಕ ತಿರುವಿದ ಯಾರಿಗಾದರೂ ಕಾರಣ ಹೊಳೆದುಬಿಡುತ್ತದೆ. ಮಾರನೆಯ ದಿನ ಅದು ಬೀದಿಯ ಮಾತಾಗುತ್ತದೆ. ಅದಕ್ಕೆ ಅವಳು ಕಂಡುಕೊಂಡ ದಾರಿ ಇದು: ಇನ್ನು ಕರೆಯಬಾರದವರ ಸಂಖ್ಯೆಯ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ, ಅದರ ಮೇಲೆ ತನ್ನದೇ ಫೋನಿನ ಸಂಖ್ಯೆಯನ್ನು ಶಾಯಿಯಲ್ಲಿ ಬರೆಯುವುದು. ಸತ್ತವರಿಗೂ ಅದೇ, ಕಾಯಿಲೆಯವರಿಗೂ ಅದೇ, ವಯಸ್ಸು ಮೀರಿ ಎದೆಗೆ ಔಷಧಿ ತಿನ್ನುತ್ತಿದ್ದರೂ ‘ನನ್ನದೂ ತಗೋ’ ಎಂದು ತೋಳು ಚಾಚುತ್ತಿದ್ದ ನನ್ನಂಥ ಹಟಮಾರಿಗಳಿಗೂ ಅದೇ. ಯಾರು ಯಾವ ಕಾರಣಕ್ಕೆಂದು ಬ್ರಹ್ಮನಿಗೂ ತಿಳಿಯದು. ಇಡೀ ಪುಸ್ತಕದಲ್ಲಿ ಅಂಥವರು ಹತ್ತೊಂಬತ್ತು ಜನ. ಓ ನೆಗೆಟಿವ್‌ನಲ್ಲಿ ಏಳು.

ಅವಳಿಗೆ ಆ ಸಂಖ್ಯೆ ಸಂಖ್ಯೆಯಾಗಿ ಕಾಣುವುದೇ ನಿಂತುಹೋಗಿತ್ತು. ‘ಇವರನ್ನು ಬಿಡು’ ಎಂಬ ಗುರುತಾಗಿ ಮಾತ್ರ ಕಾಣುತ್ತಿತ್ತು. ಗಣಕಕ್ಕೆ ಅದು ಬರಿಯ ಸಂಖ್ಯೆ. ಮೇಲಾಗಿ, ರಕ್ತ ಕೊಟ್ಟು ಬಹಳ ಕಾಲವಾದವರೇ ಪಟ್ಟಿಯ ತಲೆಗೆ ಬರಬೇಕೆಂಬುದು ಅದರ ಕ್ರಮ. ಸತ್ತವರಷ್ಟು ವಿಶ್ರಾಂತಿ ಪಡೆದವರು ಇನ್ನಾರಿದ್ದಾರೆ?

“ಸಾಹೇಬ್ರೆ” ಎಂದಳು, ಫೋನು ಚಾಚಿ. “ನಾಲ್ಕೂ ನನ್ನ ಫೋನಿಗೇ ಬಂದಿದೆ.”

ಎಂಜಿನಿಯರು ಫೋನು ತೆಗೆದುಕೊಂಡು ನೋಡಿದರು. ಹಣೆಯ ಕನ್ನಡಕ ಮೂಗಿಗೆ ಇಳಿಯಿತು. “ಇದು ಹೆಂಗೆ? ಸರಿ, ಸರಿ, ಗಾಬರಿ ಬೇಡ. ಇನ್ನೊಂದ್ಸಲ ಓಡಿಸ್ತೀನಿ. ಮುಂದಿನ ನಾಲ್ಕು ಜನಕ್ಕೆ ಹೋಗುತ್ತೆ.”

“ಮುಂದಿನ ಮೂರೂ ನನ್ನವೇ.”

“ನಿಮ್ಮವೇ ಅಂದ್ರೆ?”

“ಏಳು ಜನರ ಮುಂದೆ ನನ್ನ ನಂಬರಿದೆ. ನಾನೇ ಬರೆದದ್ದು.”

“ಯಾಕೆ?”

ಅವಳು ಬಾಗಿಲ ಕಡೆ ನೋಡಿದಳು. ಸೂಜಿಯಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

“ಏಳೂ ಜನ ಸತ್ತೋಗಿದಾರಾ?”

“ಕೆಲವರು.”

“ಉಳಿದೋರು?”

“ಉಳಿದೋರು ಬರಲ್ಲ.”

“ಯಾಕೆ ಬರಲ್ಲ ಅಂತ ಗೊತ್ತಾದ್ರೆ ನಾನು...”

“ಸಾಹೇಬ್ರೆ, ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಕೇಳಬೇಡಿ. ಅಲ್ಲೊಬ್ಬಳು ಸಾಯ್ತಿದಾಳೆ. ಆ ಏಳು ಬಿಟ್ಟು ಎಂಟನೆಯವರಿಂದ ಕಳಿಸಿ. ಆಗುತ್ತಾ, ಆಗಲ್ವಾ?”

ಎಂಜಿನಿಯರು ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಏನೋ ಅರ್ಥವಾಯಿತೆಂದು ಕಾಣುತ್ತದೆ. “ಆಗುತ್ತೆ. ನಿಮ್ಮ ನಂಬರ್ ಎಲ್ಲೆಲ್ಲಿದೆಯೋ ಅದನ್ನೆಲ್ಲ ದಾಟಿ ಹೋಗು ಅಂತ ಬರೀತೀನಿ. ಐದು ನಿಮಿಷ ಕೊಡಿ.”

“ನೀವು ಬರೀರಿ. ಅಷ್ಟರಲ್ಲಿ ಆ ಪರದೆ ಸ್ವಲ್ಪ ಎತ್ತಿ.”

ಅವರು ಎರಡೂ ಕೈಯಿಂದ ಪರದೆ ಎತ್ತಿದರು. ಅವಳು ಅಡಿಯಿಂದ ಪುಸ್ತಕ ಎಳೆದುಕೊಂಡಳು. ಗಂಡ ಕಟ್ಟಿದ ರಟ್ಟಿನ ಮೇಲೆ ಪರದೆಯ ಕಾಲಿನ ಗುಂಡು ಗುರುತು ಒತ್ತಿ ಕೂತಿತ್ತು. ಗಂಟೆ ಹತ್ತೂ ಮೂವತ್ತೈದು.

ಬ್ಯಾಟರಿ ಇಳಿದ ಫೋನಿಗೆ ತಂತಿ ಸಿಕ್ಕಿಸಿ, ಗೋಡೆಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತೇ ಸಂಖ್ಯೆ ಒತ್ತತೊಡಗಿದಳು. ಮೊದಲನೆಯವರು ಪರವೂರಿನಲ್ಲಿದ್ದರು. ಎರಡನೆಯವಳು ಬಸುರಿ. ಮೂರನೆಯವನು ಕೊಟ್ಟು ಒಂದು ತಿಂಗಳೂ ಆಗಿರಲಿಲ್ಲ. ನಾಲ್ಕನೆಯವನು ದರ್ಜಿ, ಫೋನು ಹೊಡೆದುಕೊಂಡೇ ಹೋಯಿತು. ಅವನ ಫೋನು ಯಾವಾಗಲೂ ಬಟ್ಟೆಯ ರಾಶಿಯಡಿ ಇರುತ್ತದೆ, ಹೊಲಿಗೆ ಯಂತ್ರದ ಸದ್ದಿನಲ್ಲಿ ಕೇಳುವುದಿಲ್ಲ. ಪುಸ್ತಕದ ಅಂಚಿನಲ್ಲಿ ಸೀಸದಕಡ್ಡಿಯ ಸಂಖ್ಯೆ ಇತ್ತು, ಪಕ್ಕದ ಕ್ಷೌರದಂಗಡಿಯದು.

“ಯಾರು, ಫೋನಕ್ಕನಾ? ಕೈಲಿ ಗಿರಾಕಿ ಗಡ್ಡ ಇದೆ ಅಕ್ಕ.”

“ಗಡ್ಡ ಅಲ್ಲೇ ಇರ್ಲಿ, ಎಲ್ಲೂ ಓಡೋಗಲ್ಲ. ಪಕ್ಕದ ದರ್ಜಿಯಣ್ಣನ್ನ ಎಬ್ಬಿಸಿ ಕಳಿಸು. ಅರ್ಧ ತೋಳು ಹೊಲಿದಿದ್ರೂ ಸರಿ, ಈಗಲೇ ಹೊರಡಬೇಕು.”

“ಅವನು ಮದುವೆ ಬಟ್ಟೆ ಹೊಲೀತಿದಾನೆ. ಕೈ ಇಟ್ರೆ ಕಚ್ತಾನೆ.”

“ಬಾಣಂತಿಗೆ ಬೇಕಂತೆ ಅಂತ ಹೇಳು. ಕಚ್ಚಲ್ಲ.”

ಈ ನಡುವೆ ಎಂಜಿನಿಯರು, “ಹೋಯ್ತು!” ಎಂದು ಕೂಗಿದರು. ಯಂತ್ರ ಹೊಸ ನಾಲ್ವರಿಗೆ ಕಳಿಸಿತ್ತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ, ಮೈ ತುಂಬ ಸುಣ್ಣಬಣ್ಣದ ಚುಕ್ಕೆಗಳ ಒಬ್ಬ ಮನುಷ್ಯ ಸ್ಕೂಟರು ನಿಲ್ಲಿಸಿ ಒಳಗೆ ಓಡಿಬಂದ. “ಮೆಸೇಜ್ ಬಂತು. ನನ್ನ ಹೆಸರೇ ಹಾಕಿದ್ರು. ಏಣಿ ಮೇಲಿಂದ ಹಂಗೇ ಇಳ್ದು ಬಂದೆ” ಎಂದ. ಎಂಜಿನಿಯರ ಮುಖ ಅರಳಿತು. ಸೂಜಿಯಣ್ಣ ಅವನನ್ನು ಕೂರಿಸಿ ಪ್ರಶ್ನೆ ಕೇಳುತ್ತಾ ಹೋದ. ನಾಲ್ಕನೆಯ ಪ್ರಶ್ನೆಗೆ ಎಲ್ಲ ಕೆಟ್ಟಿತು. ಬಣ್ಣದವನು ಎರಡು ದಿನದ ಹಿಂದೆ ಹಲ್ಲು ಕೀಳಿಸಿ ಮಾತ್ರೆ ನುಂಗುತ್ತಿದ್ದ.

“ಆಗಲ್ಲ ಅಣ್ಣ.”

“ಒಂದೇ ಹಲ್ಲು ಸಾರ್!”

“ಒಂದಾದ್ರೂ ಆಗಲ್ಲ.”

ಅವನು ಅಪರಾಧಿಯ ಹಾಗೆ ಬೆಂಚಿನ ಮೇಲೆ ಕುಳಿತುಬಿಟ್ಟ. ಹೋಗು ಎಂದರೂ ಹೋಗಲಿಲ್ಲ.

ಹನ್ನೊಂದೂ ಹದಿನೈದಕ್ಕೆ ದರ್ಜಿ ಬಂದ. ಕೊರಳಲ್ಲಿ ಅಳತೆಯ ಟೇಪು, ತುಟಿಯ ನಡುವೆ ಇನ್ನೂ ಒಂದು ಗುಂಡುಸೂಜಿ. “ಮದುವೆ ಹುಡುಗ ಇವತ್ತು ಸಂಜೆ ಬಂದ್ರೆ ನೀವೇ ಉತ್ತರ ಹೇಳ್ಬೇಕು ಅಕ್ಕ” ಎನ್ನುತ್ತಲೇ ಹಾಸಿಗೆಯ ಮೇಲೆ ಒರಗಿ ತೋಳು ಚಾಚಿದ. ಒಬ್ಬರಾಯಿತು.

ದಾದಿ ಮತ್ತೆ ಕರೆ ಮಾಡಿದಳು. ಈಗ ಅವಳ ದನಿ ಸಣ್ಣಗಾಗಿತ್ತು. “ಒಂದು ಚೀಲದಲ್ಲಿ ಆಗಲ್ಲ ಅಂತಿದಾರೆ ಫೋನಕ್ಕ. ಅವಳ ಗಂಡ ಇಲ್ಲೇ ಮೆಟ್ಟಿಲ ಮೇಲೆ ಕೂತಿದಾನೆ. ನಾನು ಅವನ ಮುಖ ನೋಡ್ತಿಲ್ಲ.”

“ಹನ್ನೆರಡಾಗಿಲ್ಲ ಇನ್ನೂ” ಎಂದಳು ಫೋನಕ್ಕ. ದಾದಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ.

ಪುಟ ತಿರುವಿದಳು. ಎತ್ತಲಿಲ್ಲ. ಎತ್ತಲಿಲ್ಲ. ಜ್ವರ. ಎತ್ತಲಿಲ್ಲ. ಯಂತ್ರದಿಂದ ಹೋದ ಉಳಿದ ಮೂರು ಸಂದೇಶಗಳೂ ತಲುಪಿದ್ದವು, ಯಾರೂ ಬರಲಿಲ್ಲ. ಹನ್ನೊಂದೂ ಮೂವತ್ತೆಂಟಕ್ಕೆ ಅವಳ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಬಸ್ಸಿನ ಕಂಡಕ್ಟರು. ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುವಂತಿಲ್ಲ. ಅಂಚಿನಲ್ಲಿ ಬಸ್ ಡಿಪೋದ ಸಂಖ್ಯೆ ಇತ್ತು.

ಡಿಪೋದಲ್ಲಿ ಬಸ್ಸುಗಳ ಓಡಾಟ ನೋಡಿಕೊಳ್ಳುವ ಹಿರಿಯ ಅವಳ ದನಿ ಕೇಳಿದೊಡನೆ, “ಯಾರು ಬೇಕು ತಾಯಿ?” ಎಂದ. ಹೆಸರು ಹೇಳಿದಳು. ಕಾಗದ ತಿರುವುವ ಸದ್ದು. “ಅವನು ಹನ್ನೆರಡನೇ ನಂಬರ್ ಬಸ್ಸಲ್ಲಿದಾನೆ. ಈಗ ಮಾರ್ಕೆಟ್ ದಾಟಿರ್ತಾನೆ. ನಿಮ್ಮ ಗೇಟಿನ ಮುಂದೇನೇ ಹೋಗ್ತಾನೆ, ಆದ್ರೆ ಬಸ್ಸು ಬಿಟ್ಟು ಇಳಿಯೋ ಹಾಗಿಲ್ಲ. ಅರವತ್ತು ಜನ ಪ್ಯಾಸೆಂಜರ್ ಇರ್ತಾರೆ.”

“ಅರವತ್ತು ಜನಕ್ಕೆ ಒಬ್ಬ ಕಂಡಕ್ಟರ್ ಹುಡುಕಬಹುದು ಅಣ್ಣ. ಇವಳಿಗೆ ಇನ್ನೊಬ್ಬ ಸಿಗ್ತಿಲ್ಲ.”

ಆ ಕಡೆ ಒಂದು ನಿಟ್ಟುಸಿರು. “ಇಡಿ ಫೋನು. ಮುಂದಿನ ಸ್ಟಾಪಲ್ಲಿ ಬದಲಿ ಹತ್ತಿಸ್ತೀನಿ. ಡ್ರೈವರ್‌ಗೆ ಹೇಳ್ತೀನಿ, ನಿಮ್ಮ ಗೇಟಲ್ಲಿ ನಿಲ್ಲಿಸು ಅಂತ.”

ಅವಳು ಗೇಟಿನ ಬಳಿಗೇ ಹೋಗಿ ನಿಂತಳು. ಎಂಜಿನಿಯರೂ ಬಂದು ನಿಂತರು. ಬಣ್ಣದವನೂ ಬಂದ. ಹನ್ನೊಂದೂ ಐವತ್ತು. ಒಂದು ಬಸ್ಸು ಬಂದಿತು, ಒಂಬತ್ತನೆಯ ನಂಬರಿನದು, ನಿಲ್ಲದೆ ಹೋಯಿತು. ಹನ್ನೊಂದೂ ಐವತ್ತನಾಲ್ಕು. ಎಂಜಿನಿಯರು ತಮ್ಮ ಕೈಗಡಿಯಾರವನ್ನು ಅಂಗಿಯ ತೋಳಿನೊಳಕ್ಕೆ ಸರಿಸಿ ಮರೆಮಾಡಿದರು.

ಹನ್ನೊಂದೂ ಐವತ್ತೇಳಕ್ಕೆ ಹನ್ನೆರಡನೆಯ ನಂಬರಿನ ಬಸ್ಸು ಗೇಟಿಗೆ ಅಡ್ಡವಾಗಿ ನಿಂತಿತು. ಹಿಂದಿನ ಬಾಗಿಲಿಂದ ಕಂಡಕ್ಟರು ಜಿಗಿದ. ಟಿಕೆಟಿನ ಯಂತ್ರ ಅವನ ಕೊರಳಲ್ಲೇ ತೂಗಾಡುತ್ತಿತ್ತು. ಕಿಟಕಿಯಿಂದ ಯಾರೋ, “ಸ್ವಾಮಿ, ನನ್ನ ಚಿಲ್ಲರೆ!” ಎಂದು ಕೂಗಿದರು. “ಬದಲಿಯವನ ಹತ್ರ ಇಸ್ಕೊಳ್ಳಿ!” ಎಂದು ತಿರುಗಿ ನೋಡದೆ ಕೂಗಿ ಓಡಿಬಂದ.

ಸೂಜಿಯಣ್ಣ ಅವನ ಕೊರಳಿನ ಯಂತ್ರವನ್ನು ತಾನೇ ತೆಗೆದು ಕಂಬಕ್ಕೆ ನೇತುಹಾಕಿದ. ಗೋಡೆಯ ಗಡಿಯಾರದಲ್ಲಿ ಎರಡೂ ಮುಳ್ಳು ಕೂಡುವ ಹೊತ್ತಿಗೆ ಎರಡನೆಯ ಚೀಲಕ್ಕೆ ರಕ್ತ ಇಳಿಯತೊಡಗಿತು.

ಎರಡೂ ಹತ್ತಕ್ಕೆ ಚೀಲಗಳು ರಸ್ತೆ ದಾಟಿದವು. ಆಮೇಲಿನ ಹೊತ್ತು ಎಲ್ಲಕ್ಕಿಂತ ಉದ್ದವಾಗಿತ್ತು ಎಂದು ಅವಳು ನನಗೆ ಹೇಳಿದಳು. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದಳು. ನಾಲ್ಕೂ ಕಾಲಿಗೆ ಫೋನು ಬಂದಿತು. ದಾದಿ ಒಂದೇ ಮಾತು ಹೇಳಿದಳು: “ನಿಂತಿತು ಅಕ್ಕ.” ಒಂದು ಕ್ಷಣ ಫೋನಕ್ಕನ ಎದೆಯೇ ನಿಂತಿತು. ದಾದಿ ಅವಸರದಿಂದ, “ರಕ್ತ! ರಕ್ತ ಹೋಗೋದು ನಿಂತಿತು. ಕಣ್ಣು ಬಿಟ್ಟಿದಾಳೆ” ಎಂದಳು. ಫೋನಕ್ಕ ಖಾನೆಯ ಮೇಲೆ ತಲೆಯಿಟ್ಟು ಅತ್ತಳು. ಬಣ್ಣದವನು ಅಲ್ಲಿಯವರೆಗೂ ಬೆಂಚಿನ ಮೇಲೆಯೇ ಇದ್ದನಂತೆ.

ಮರುದಿನ ದೊಡ್ಡ ಡಾಕ್ಟರು ಎಲ್ಲವನ್ನೂ ಕೇಳಿದರು. ಎಂಜಿನಿಯರು, “ತಪ್ಪು ನನ್ನದು” ಎಂದರು. “ಅಲ್ಲ, ಕೊನೇ ಚೌಕ ತುಂಬಿದ್ದು ನಾನು” ಎಂದಳು ಅವಳು. ದೊಡ್ಡ ಡಾಕ್ಟರಿಗೆ ಯಾರನ್ನು ಬಯ್ಯಬೇಕೋ ತಿಳಿಯದೆ, “ಇಬ್ಬರೂ ಸೇರಿ ಸರಿ ಮಾಡಿ” ಎಂದು ಎದ್ದುಹೋದರು.

“ಆ ಹತ್ತೊಂಬತ್ತು ಸಾಲು ಅಳಿಸಿಬಿಟ್ರೆ ಮುಗೀತಲ್ಲ ಅಕ್ಕ?” ಎಂದರು ಎಂಜಿನಿಯರು.

“ಅಳಿಸೋದು ಬೇಡ. ಇವರೆಲ್ಲ ಕೊಟ್ಟೋರು.”

ಅವರು ವಾದ ಮಾಡಲಿಲ್ಲ. ಪಟ್ಟಿಗೆ ಒಂದು ಹೊಸ ಕಾಲಮು ಸೇರಿಸಿದರು: ‘ಕರೆಯಬೇಡ’. ಅದರಲ್ಲಿ ಒಂದು ಸಣ್ಣ ಗುರುತು ಹಾಕಬಹುದು, ಅಷ್ಟೇ. ಕಾರಣ ಬರೆಯಲು ಜಾಗವೇ ಇಲ್ಲ. “ನೀವು ಹಾಕಿ, ನಾನು ಹೊರಗಿರ್ತೀನಿ” ಎಂದು ಹೇಳಿ ಟೀ ಕುಡಿಯುವ ನೆಪದಲ್ಲಿ ಎದ್ದುಹೋದರು. ಅವಳು ಒಬ್ಬಳೇ ಕುಳಿತು ಹತ್ತೊಂಬತ್ತು ಗುರುತು ಹಾಕಿದಳು. ನನ್ನ ಹೆಸರಿನ ಮುಂದೆಯೂ ಒಂದು. ಅದನ್ನು ಕೇಳಿ ನಾನು ಸುಳ್ಳು ಸಿಟ್ಟು ಮಾಡಿದೆ. “ಶಾಲೇಲಿ ನೀವು ನನ್ನ ಎಷ್ಟು ಸಲ ಬೆಂಚಿನ ಮೇಲೆ ನಿಲ್ಸಿದೀರಿ ಮೇಷ್ಟ್ರೇ, ಈಗ ನೀವು ಸುಮ್ನೆ ಕೂತ್ಕೊಳ್ಳಿ” ಎಂದಳು.

ಇನ್ನೊಂದು ಕಾಲಮು ಅವಳು ಕೇಳಿ ಹಾಕಿಸಿದ್ದು: ‘ಫೋನು ಯಾರು ಎತ್ತುತ್ತಾರೆ?’ ಅಂಚಿನ ಸೀಸದ ಬರಹವೆಲ್ಲ ಅಲ್ಲಿಗೆ ಬಂದಿತು. ಆಮೇಲೆ ಇಬ್ಬರೂ ಕೊನೆಯ ಚೌಕವನ್ನು ತೆರೆದರು. ‘ಆಮೇಲೆ?’ ಎಂಬಲ್ಲಿ ಅವಳು ‘ಮುಗಿಸು’ ತೆಗೆದು ‘ಉತ್ತರಕ್ಕೆ ಕಾಯಿ’ ಎಂದು ಹಾಕಿದಳು. ಹತ್ತು ನಿಮಿಷದೊಳಗೆ ‘ಬರುತ್ತೇನೆ’ ಎಂಬ ಉತ್ತರ ಬರದಿದ್ದರೆ ಸಂದೇಶ ಆ ‘ಫೋನು ಎತ್ತುವವರಿಗೆ’ ಹೋಗಬೇಕು, ಜೊತೆಗೆ ಅವಳ ಮೇಜಿನ ಮೇಲೆ ಗಂಟೆ ಬಾರಿಸಬೇಕು. ಬಾಗಿಲಲ್ಲಿ ದಾನಿ ಬಂದು ನಿಂತು, ಅವಳು ಕೈಯಾರೆ ಒತ್ತಿದ ಮೇಲೆಯೇ ಆ ಚೌಕ ಹಸಿರಾಗಬೇಕು. ಒಕ್ಕಣೆಯ ಕೊನೆಗೆ ‘ಬರಲಾಗುವುದೇ ಎಂದು ತಿಳಿಸುವಿರಾ?’ ಎಂದು ಸೇರಿಸಿಕೊಟ್ಟವನು ನಾನು. ಗದರಿದಂತೆ ಕೇಳಿಸದಿರಲೆಂದು ನಾಲ್ಕು ಸಲ ಬರೆದು ನೋಡಿದೆ.

ಇದಾಗಿ ಎರಡು ವರ್ಷವಾಗುತ್ತ ಬಂತು. ಆ ಗಂಟೆ ವಾರಕ್ಕೆ ಎರಡು ಸಲವಾದರೂ ಮೊಳಗುತ್ತದೆ. ಅವಳಿಗೆ ಜ್ವರ ಬಂದು ಮಲಗಿದ ಒಂದು ದಿನ ಸೂಜಿಯಣ್ಣನೇ ಕುಳಿತು ಇಬ್ಬರನ್ನು ಕರೆಸಿದನಂತೆ. ಹಳೆಯ ಪುಸ್ತಕ ಈಗ ಪರದೆಯ ಅಡಿಯಲ್ಲಿ ಇಲ್ಲ. ಮೇಜಿನ ಬಲಗಡೆ, ಕೈಗೆ ಎಟಕುವಲ್ಲಿ ಇದೆ.

ಹೋದ ವಾರ ಒಬ್ಬ ಹೆಣ್ಣುಮಗಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ತನ್ನ ಹೆಸರು ಸೇರಿಸಿಕೊಳ್ಳಿ ಎಂದಳು. ಓ ನೆಗೆಟಿವ್. ಫೋನಕ್ಕ ಅರ್ಜಿಯ ಮೇಲಿನ ಹೆಸರು ನೋಡಿದಳು, ಆಮೇಲೆ ಮುಖ ನೋಡಿದಳು. ಆ ಹೆಸರನ್ನು ಅವಳು ಹಿಂದೆ ಒಂದೇ ಒಂದು ಸಲ, ಮೊದಲ ಚೌಕ ಬೆಳಗಿದಾಗ, ಕಂಡಿದ್ದಳು. ಉಳಿದದ್ದನ್ನು ತುಂಬಲು ಅರ್ಜಿಯನ್ನು ಆಕೆಯ ಮುಂದಕ್ಕೆ ಸರಿಸಿದಳು. ಮಗು ಮೇಜಿನ ಮೇಲಿನ ಗಂಟೆಗೆ ಕೈ ಚಾಚುತ್ತಿತ್ತು.

“ಫೋನು ಯಾರು ಎತ್ತುತ್ತಾರೆ ಅಂತ ಬೇರೆ ಕೇಳಿದೀರಲ್ಲ, ಇಲ್ಲಿ ಏನು ಬರೀಲಿ ಅಕ್ಕ?” ಎಂದು ಅವಳು ಪೆನ್ನು ಹಿಡಿದು ಕೇಳಿದಳು.

“ನೀವು ಎತ್ತದಿದ್ರೆ ನಿಮ್ಮನ್ನ ಎಬ್ಬಿಸಿ ಕಳಿಸೋರು ಯಾರಮ್ಮ?”

“ಅಯ್ಯೋ, ಇವನ ಹಿಂದೆ ಓಡೋದ್ರಲ್ಲಿ ನನಗೆಲ್ಲಿ ಫೋನು! ಅತ್ತೆಗೆ ಮಾಡಿ. ಅವರಾದ್ರೆ ಕೈ ಹಿಡಿದು ಎಳ್ಕೊಂಡೇ ಬರ್ತಾರೆ” ಎಂದು ನಕ್ಕು, ಆ ಜಾಗದಲ್ಲಿ ಅತ್ತೆಯ ಸಂಖ್ಯೆ ಬರೆದಳು.

ಫೋನಕ್ಕ ಅದನ್ನು ಗಣಕಕ್ಕೆ ಹಾಕಿದಳು. ಆಮೇಲೆ ಪುಸ್ತಕ ತೆರೆದು, ಕೊನೆಯ ಹೆಸರಿನ ಕೆಳಗೆ ಆ ಹೆಸರನ್ನು ಶಾಯಿಯಲ್ಲಿಯೂ, ಅತ್ತೆಯ ಸಂಖ್ಯೆಯನ್ನು ಅಂಚಿನಲ್ಲಿ ಸೀಸದಕಡ್ಡಿಯಿಂದಲೂ ಬರೆದುಕೊಂಡಳು.